ನನ್ನ ಹೆಸರಿನ ಒಡಪು

ಹಿರೇಕೆರೂರು
11 ಆಗಸ್ಟ್ 2024

ಸಿಟ್ಟಿನ ಗೆಳತಿ ರಂಜನಾಗೆ ಗುಲ್ನಾರಳ ಸಲಾಂ.

ಹೆದರಬೇಡ, ಯಾರೂ ಸತ್ತಿಲ್ಲ. ಈ ಕಾಲದಲ್ಲಿ ಟಪಾಲಿನಲ್ಲಿ ಕೈಬರಹದ ಕಾಗದ ಬಂದರೆ ಜನ ಮೊದಲು ಗಾಬರಿಯಾಗುತ್ತಾರೆ, ಆಮೇಲೆ ಒಡೆಯುತ್ತಾರೆ. ನಾನೇನು ಮಾಡಲಿ? ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀ. ಇಲ್ಲಿ ನಾನಿರುವುದು ನಮ್ಮ ಚಿಕ್ಕಮ್ಮನ ಮನೆಯಲ್ಲಿ, ಆ ಬಿಬಿಜಾನ ಖಾಲಾಳ ಫೋನಿನಿಂದ ಹಚ್ಚಿದೆ, ನನ್ನ ದನಿ ಕೇಳಿದ್ದೇ ಅದನ್ನೂ ಬ್ಲಾಕ್ ಮಾಡಿದೆ. ಪಾಪ, ನಮ್ಮ ಖಾಲಾ ನಿನಗೇನು ಮಾಡಿದ್ದಳು? ಇರಲಿ, ಪೋಸ್ಟ್‌ಮನ್ನನ್ನು ಬ್ಲಾಕ್ ಮಾಡುವ ಗುಂಡಿ ಇನ್ನೂ ಯಾವ ಫೋನಿನಲ್ಲೂ ಬಂದಿಲ್ಲ. ಅದಕ್ಕೇ ಈ ಕಾಗದ.

ಇತ್ತ ಕಡೆ ನಾನು ಅರಾಮ. ಅತ್ತ ಕಡೆ ನಿನ್ನ ಸಿಟ್ಟು ಅರಾಮವಾಗಿದೆಯೋ ಹೇಗೆ ತಿಳಿಸು.

ಶಿಗ್ಗಾಂವಿಯ ಫ್ಯಾಕ್ಟರಿಗೆ ನಾವಿಬ್ಬರೂ ಒಂದೇ ವಾರ ಸೇರಿದವರು. ನೀನು ದುಂಡಸಿಯ ಬಸ್ಸಿನಿಂದ ಇಳಿಯುತ್ತಿದ್ದೆ, ನಾನು ಸವಣೂರಿನ ಬಸ್ಸಿನಿಂದ. ಅಕ್ಕಪಕ್ಕದ ಮಷಿನ್. ನೀನು ಅಂಗಿಯ ಕಾಲರ್ ಹೊಲಿಯುತ್ತಿದ್ದೆ, ನಾನು ತೋಳಿನ ಕಫ್. ಒಂಬತ್ತು ವರ್ಷ ನಿನ್ನ ರೊಟ್ಟಿ ನಾನು ತಿಂದೆ, ನನ್ನ ಸವಣೂರು ಖಾರಾ ನೀನು ತಿಂದೆ. ಜೂನಿನಲ್ಲಿ ನಾನು ಸೂಪರ್‌ವೈಸರ್ ಆಗಿ ಹಿರೇಕೆರೂರಿನ ಘಟಕಕ್ಕೆ ಬಂದ ದಿನದಿಂದ ನಿನ್ನ ಬಾಯಿ ಮುಚ್ಚಿತು. ಯಾಕೆ? ನಾನು ಯಾರದ್ದು ಕಸಿದುಕೊಂಡೆ?

ರಂಜನಾ, ನಿನಗೆ ಹೇಳದೆ ಯಾರಿಗೆ ಹೇಳಲಿ, ಇಲ್ಲಿ ಮೊದಲ ದಿನ ಕುಳಿತುಕೊಳ್ಳಲು ಮಷಿನ್ ಹುಡುಕಿದೆ! ಲೈನಿನಲ್ಲಿ ನಲವತ್ತು ಜನ ಕುಳಿತಿದ್ದಾರೆ, ನಾನೊಬ್ಬಳೇ ನಿಂತಿದ್ದೇನೆ. ಒಂಬತ್ತು ವರ್ಷ ಬಗ್ಗಿಸಿದ್ದ ಕುತ್ತಿಗೆಯನ್ನು ಎತ್ತಿ ನೋಡಿದರೆ ಫ್ಯಾಕ್ಟರಿ ಎಷ್ಟು ದೊಡ್ಡದು ಗೊತ್ತೇನು? ನಾವು ಬರೀ ಸೂಜಿ ನೋಡುತ್ತಿದ್ದೆವು. ಬಟ್ಟೆ ಒಂದು ಬಾಗಿಲಿನಿಂದ ಬರುತ್ತದೆ, ಅಂಗಿಯಾಗಿ ಇನ್ನೊಂದು ಬಾಗಿಲಿನಿಂದ ಹೋಗುತ್ತದೆ, ನಡುವೆ ಎಷ್ಟು ಜಗಳ, ಎಷ್ಟು ನಗು! ನನಗಂತೂ ಹುಚ್ಚು ಹಿಡಿದಷ್ಟು ಖುಷಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹಾನಗಲ್ಲಿನಲ್ಲಿ ನಮ್ಮ ಕಂಪನಿಯ ಹೊಸ ಘಟಕ ಶುರುವಾಗುತ್ತಿದೆ. ಸೂಪರ್‌ವೈಸರುಗಳು ಬೇಕು. ನೋಟಿಸು ಎಲ್ಲ ಘಟಕಗಳಲ್ಲೂ ಹಚ್ಚುತ್ತಾರೆ, ಅರ್ಜಿಗೆ ಸೆಪ್ಟೆಂಬರ್ ಇಪ್ಪತ್ತು ಕಡೆಯ ದಿನ. ಹಾಕು. ಸಿಟ್ಟು ಇದ್ದರೆ ಸಿಟ್ಟಿನಲ್ಲೇ ಹಾಕು.

ನಿನ್ನ, ನೀನು ಒಪ್ಪದಿದ್ದರೂ ನಿನ್ನವಳೇ,
ಗುಲ್ನಾರ

*

ದುಂಡಸಿ
1 ಸೆಪ್ಟೆಂಬರ್ 2024

ಹಿರೇಕೆರೂರು ಘಟಕದ ಸೂಪರ್‌ವೈಸರ್ ಗುಲ್ನಾರ ಮೇಡಂ ಅವರ ಸನ್ನಿಧಿಗೆ, ದುಂಡಸಿಯ ಕಾಲರ್ ಟೇಲರ್ ರಂಜನಾ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ನನಗೆ ಮಾತ್ರ ತಲುಪಿದ್ದರೆ ಒಳ್ಳೆಯದಿತ್ತು. ನಾನು ಡ್ಯೂಟಿಗೆ ಹೋದಾಗ ಪೋಸ್ಟ್‌ಮನ್ ಅದನ್ನು ನಮ್ಮ ಅತ್ತೆಯ ಕೈಯಲ್ಲಿ ಕೊಟ್ಟ. ಅವರಿಗೆ ಓದಲು ಬಾರದು. ಪಕ್ಕದ ಮನೆಯ ಮಹಾದೇವಕ್ಕನನ್ನು ಕರೆದು ಕಟ್ಟೆಯ ಮೇಲೆ ಕೂರಿಸಿ ಓದಿಸಿದ್ದಾರೆ. ಮಹಾದೇವಕ್ಕನ ಗಂಟಲು ನಿಮಗೆ ಗೊತ್ತಲ್ಲ, ಅದಕ್ಕೆ ಮೈಕು ಬೇಕಿಲ್ಲ. ಸಂಜೆ ನಾನು ಬಸ್ಸಿಳಿದರೆ ಓಣಿಯ ಹೆಂಗಸರೆಲ್ಲ "ಏನವಾ, ಪೋಸ್ಟ್‌ಮನ್ನನ್ನ ಬ್ಲಾಕ್ ಮಾಡಾಕ ಬರಂಗಿಲ್ಲಂತಲ್ಲ" ಅಂತ ಬಿದ್ದುಬಿದ್ದು ನಕ್ಕರು. ಅತ್ತೆ ಶಿವಬಸವ್ವ ಬೇರೆ, "ಪಾಪ, ಚಲೋ ಹುಡುಗಿ, ಯಾಕ ಮಾತು ಬಿಟ್ಟೀ?" ಅಂತ ನನ್ನನ್ನೇ ಕೇಳಿದರು.

ಯಾಕೆ ಬಿಟ್ಟೆ? ಕೇಳಿದ್ದೀಯಲ್ಲ, ಹೇಳುತ್ತೇನೆ. ಇನ್ನು "ಮೇಡಂ" ಬೇಡ, ಬೈಯುವಾಗ ಅದು ಅಡ್ಡ ಬರುತ್ತದೆ.

ನಮ್ಮ ಫ್ಲೋರ್ ಇನ್‌ಚಾರ್ಜ್ ಚಂದ್ರಪ್ಪನವರು ಎಷ್ಟೋ ವರ್ಷದಿಂದ ಏನು ಹೇಳುತ್ತಾ ಬಂದಿದ್ದಾರೆ? "ರಂಜನಾ, ನಿನ್ನ ಹೆಸರು ನನ್ನ ತಲ್ಯಾಗ ಐತಿ. ಹೊತ್ತು ಬಂದಾಗ ನಾನ ಕರೀತೇನಿ." ನಿನ್ನ ಎದುರಿಗೇ ಹೇಳಿದ್ದಾರೆ, ಒಂದು ಸಲ ಅಲ್ಲ. ನಾನು ಕಾದೆ. ಮಾರ್ಚಿನಲ್ಲಿ ನೀರಿನ ಫಿಲ್ಟರಿನ ಮೇಲಿನ ಗೋಡೆಗೆ, ಸೂಪರ್‌ವೈಸರ್ ಬೇಕು ಅಂತ ನೋಟಿಸು ಹಚ್ಚಿದರು. ಓದಿದೆ. ನೀರು ಕುಡಿಯುವಾಗಲೆಲ್ಲ ಓದಿದೆ. ಯಾರೂ ಕರೆಯಲಿಲ್ಲ. ನೀನಾದರೂ ಬಾಯಿಬಿಟ್ಟು ಒಂದು ಮಾತು ಕೇಳಿದೆಯಾ? ಬಗಲಲ್ಲೇ ಕುಳಿತು ಅರ್ಜಿ ಹಾಕಿ ಬಂದೆ. ಜೂನಿನಲ್ಲಿ ಪೇಢೆ ಹಂಚಿದಾಗ ನನಗೆ ಗೊತ್ತಾಯಿತು. ಆ ಪೇಢೆ ನನ್ನ ಗಂಟಲಲ್ಲಿ ಇಳಿಯಲಿಲ್ಲ ಗುಲ್ನಾರ.

ನಮ್ಮ ಊರಿನ ರೀತಿ ನಿನಗೆ ಹೊಸದಲ್ಲ. ಮದುವೆಯ ಕಾರ್ಡು ಬಾಗಿಲಿಗೆ ಸಿಕ್ಕಿಸಿ ಹೋದರೆ ಯಾರೂ ಊಟಕ್ಕೆ ಹೋಗುವುದಿಲ್ಲ. ಮನೆಯವರು ಬಂದು ಕುಂಕುಮ ಹಚ್ಚಿ ಬಾಯ್ತುಂಬ ಹೇಳಬೇಕು. ಎಲೆ ಹಾಕಿದ ಮೇಲೆ ಮತ್ತೊಬ್ಬ ಬಂದು "ಊಟಕ್ಕ ಬರ್ರಿ" ಅಂತ ಕರೆಯಬೇಕು. ಆಗ ಹೋದರೆ ಮರ್ಯಾದೆ. ತಾನಾಗಿಯೇ ಹೋಗಿ ಪಂಕ್ತಿಯಲ್ಲಿ ಕುಳಿತವಳನ್ನು ಜನ ಏನೆನ್ನುತ್ತಾರೆ? ನನಗೆ ಹಾಗೆ ಹೋಗಲು ಬರುವುದಿಲ್ಲ. ನಿನಗೆ ಬಂತು. ನಿನ್ನ ಪುಣ್ಯ.

ಹಾನಗಲ್ಲಿನ ನೋಟಿಸು ಇಲ್ಲೂ ಹಚ್ಚಿದ್ದಾರೆ. ಓದಿದ್ದೇನೆ.

ರಂಜನಾ

*

ಹಿರೇಕೆರೂರು
6 ಸೆಪ್ಟೆಂಬರ್ 2024

ರಂಜನಾ!

ಓದಿದ್ದೀಯಾ? ನೀರು ಕುಡಿಯುವಾಗಲೆಲ್ಲ ಓದಿದ್ದೀಯಾ? ಯಾ ಅಲ್ಲಾ! ನಿನ್ನ ಕಾಗದ ಓದಿ ನಾನು ಎದ್ದು ನಿಂತೆ, ಮತ್ತೆ ಕುಳಿತೆ. ಖಾಲಾ ಒಳಗಿನಿಂದ ಬಂದು "ಏನಾತ?" ಅಂತ ಕೇಳಿದಳು. ನಾನು ತಿಳಿದದ್ದು, ನಿನಗೆ ಬೇಡವಾಗಿದೆ ಅಂತ. ಮನೆ ಬಿಟ್ಟು ಬೇರೆ ಊರಿಗೆ ಹೋಗುವುದು ನಿನಗೆ ಆಗದು, ಅದಕ್ಕೇ ಸುಮ್ಮನಿದ್ದೀ ಅಂತ. ಬೇಡ ಅನ್ನುವವಳನ್ನು ಕೇಳಿ ನೋಯಿಸುವುದು ಯಾಕೆ ಅಂತ ನಾನೂ ಸುಮ್ಮನಾದೆ. ನೀನು ನೋಡಿದರೆ ಕುಂಕುಮ ಹಚ್ಚಿಸಿಕೊಳ್ಳಲು ಕಾಯುತ್ತಿದ್ದೆ!

ನನ್ನನ್ನು ಯಾರು ಕರೆದರು ಹೇಳು. ಯಾರು ಕುಂಕುಮ ತಂದರು? ನಮ್ಮಲ್ಲಿ ಕುಂಕುಮದ ರೂಢಿಯೂ ಇಲ್ಲ, ಅತ್ತರನ್ನೂ ಯಾರೂ ತರಲಿಲ್ಲ. ಅರ್ಜಿ ಕೊಡಲು ಹೋದ ದಿನ ಕೈ ಬೆವರಿ ಕಾಗದ ಒದ್ದೆಯಾಗಿತ್ತು. ಆಫೀಸಿನವನು ಹುಬ್ಬು ಹಾರಿಸಿ "ನಿಮಗ್ಯಾರು ಹೇಳಿದ್ರು?" ಅಂದ. "ನೋಟಿಸು ಹಚ್ಚಿದ ಗ್ವಾಡಿ ಹೇಳಿತ್ರಿ" ಅಂದೆ.

ಕಂಪನಿ ಮದುವೆಮನೆ ಅಲ್ಲ ಕಣೇ, ಅದು ಸಂತೆ. ನಮ್ಮ ಅಜ್ಜ ಸವಣೂರಿನ ವೀಳ್ಯದೆಲೆ ಬಳ್ಳಿಯ ತೋಟದವನು. ಅವನನ್ನು ಯಾವ ಸಂತೆಯವರೂ ಮನೆಗೆ ಬಂದು ಕರೆಯಲಿಲ್ಲ. ಅವನೇ ನಸುಕಿನಲ್ಲಿ ಎದ್ದು, ಎಲೆಯ ಕಟ್ಟು ಹೊತ್ತು, ಹೋಗಿ ಜಾಗ ಹಿಡಿದು ಕೂಗುತ್ತಿದ್ದ. ಮನೆಯಲ್ಲೇ ಕುಳಿತು "ನನ್ನ ಎಲಿ ಚಲೋ ಅದಾವು, ಬಂದು ಕರೀಲಿ" ಅಂದಿದ್ದರೆ ನಾವೆಲ್ಲ ಒಣಗಿದ ಎಲೆ ತಿಂದೇ ಬೆಳೆಯಬೇಕಾಗಿತ್ತು. ಇಷ್ಟು ದೊಡ್ಡ ಕಂಪನಿ, ಹತ್ತಾರು ಊರು, ಸಾವಿರಾರು ಹೆಂಗಸರು. ದುಂಡಸಿಯ ರಂಜನಾಳ ಮನಸ್ಸಿನಲ್ಲಿ ಏನಿದೆ ಅಂತ ಅದಕ್ಕೆ ಕನಸು ಬೀಳುತ್ತದೆಯೇ? ಅಳದ ಕೂಸಿಗೆ ತಾಯಿ ಕೂಡ ಹಾಲು ಕೊಡುವುದಿಲ್ಲ.

ಚಂದ್ರಪ್ಪನವರು ಒಳ್ಳೆಯವರು, ಇಲ್ಲ ಅನ್ನುವುದಿಲ್ಲ. ಆದರೆ ಹೋಗಿ ಅವರನ್ನು ಒಂದು ಮಾತು ಕೇಳು: ನನ್ನ ಹೆಸರನ್ನು ಯಾರ ಮುಂದೆ ಹೇಳಿದ್ದೀರಿ? ಅಷ್ಟು ಸಾಕು.

ನಾಳೆ ಗಣೇಶ ಚವತಿ. ಹೋಳಿಗೆ ತಟ್ಟುವಾಗ ಯೋಚನೆ ಮಾಡು. ಇನ್ನು ಎರಡೇ ವಾರ ಉಳಿದಿವೆ.

ಬೈಸಿಕೊಂಡರೂ ಖುಷಿಯಾಗಿರುವ,
ಗುಲ್ನಾರ

*

ದುಂಡಸಿ
22 ಸೆಪ್ಟೆಂಬರ್ 2024

ಗುಲ್ನಾರ,

ಹಾಕಿದೆ! ಅರ್ಜಿ ಹಾಕಿದೆ! ಕಡೆಯ ದಿನ, ಆಫೀಸಿನ ಬಾಗಿಲು ಮುಚ್ಚುವ ಹೊತ್ತಿಗೆ, ಓಡಿಹೋಗಿ ಕೊಟ್ಟೆ. ಹೇಗಾಯಿತು ಅಂತ ಸರಿಯಾಗಿ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ.

ನಿನ್ನ ಕಾಗದ ಬಂದ ಮೇಲೂ ನಾಲ್ಕೈದು ದಿನ ನಿನ್ನನ್ನು ಬೈಯುತ್ತಲೇ ಇದ್ದೆ. ಸಂತೆಯಂತೆ, ಎಲೆಯಂತೆ! ಆದರೆ ಆ ಒಂದು ಪ್ರಶ್ನೆ ಮುಳ್ಳಿನ ಹಾಗೆ ಕೂತುಬಿಟ್ಟಿತು. ಚಂದ್ರಪ್ಪನವರು ಮಧ್ಯಾಹ್ನ ಊಟದ ಡಬ್ಬಿ ತೊಳೆಯುತ್ತಿದ್ದರು. ಹೋಗಿ ನಿಂತೆ.

"ಸಾಹೇಬ್ರ, ಒಂದು ಮಾತು ಕೇಳಲೇನ್ರಿ?"

"ಕೇಳವಾ."

"ನನ್ನ ಹೆಸರು ನಿಮ್ಮ ತಲ್ಯಾಗ ಐತಿ ಅಂತಿದ್ರಿ. ಅದನ್ನ ಮ್ಯಾಲಿನವರ ಮುಂದ ಎಂದರ ಹೇಳೀರೇನ್ರಿ?"

ಅವರು ಡಬ್ಬಿಯ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಸುಳ್ಳು ಹೇಳುವ ಮನುಷ್ಯ ಅಲ್ಲ. "ಇಲ್ಲವಾ" ಅಂದರು. "ಖರೇ ಹೇಳ್ತೇನಿ, ಹೇಳಿಲ್ಲ. ನೀ ಎದ್ದು ಹೋದರ ನನ್ನ ಕಾಲರ್ ಯಾರು ಹೊಲೀಬೇಕು? ನಿನ್ನಂಥ ಕೈ ಈ ಫ್ಲೋರಿನಾಗ ಇನ್ನೊಂದಿಲ್ಲ."

ಗುಲ್ನಾರ, ಅವರು ಅದನ್ನು ಹೊಗಳಿಕೆ ಅಂತಲೇ ಹೇಳಿದರು. ನನಗೆ ಸಿಟ್ಟೂ ಬರಲಿಲ್ಲ. ಕಣ್ಣ ಮುಂದೆ ಒಮ್ಮೆಲೇ ಬೆಳಕಾದ ಹಾಗಾಯಿತು. ನಾನು ಚೆನ್ನಾಗಿ ಹೊಲಿದಷ್ಟೂ ನನ್ನನ್ನು ಆ ಮಷಿನ್ನಿಗೇ ಕಟ್ಟಿಹಾಕುವವರು ಹೆಚ್ಚಾಗುತ್ತಾರೆ. ಇದರಲ್ಲಿ ಯಾರದೂ ಮೋಸವಿಲ್ಲ. ಅವರ ಕಾಲರ್ ಅವರು ನೋಡಿಕೊಂಡರು. ನನ್ನ ಹೆಸರನ್ನು ನಾನು ನೋಡಿಕೊಳ್ಳಬೇಕಿತ್ತು, ಅದನ್ನು ಅವರ ತಲೆಯಲ್ಲಿ ಇಟ್ಟು ಮರೆತೆ.

ಆದರೂ ಮನೆಯಲ್ಲಿ ಕೇಳದೆ ಹೇಗೆ? ನನ್ನ ಯಜಮಾನರು ಹಾಲಿನ ವ್ಯಾನು ನಿಲ್ಲಿಸಿ ಬಂದು ಊಟಕ್ಕೆ ಕುಳಿತಿದ್ದರು. ಹೇಳಿದೆ. ಅವರು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು, ಮಾತಿನ ಮಟ್ಟಿಗೆ ಅವರದ್ದು ಯಾವಾಗಲೂ ಅಷ್ಟೇ. ಅತ್ತೆಯೇ ಶುರುಮಾಡಿದರು. "ಹಾನಗಲ್ಲ ಏನ ಲಂಡನ್ನಾ? ಬಾಯಿದ್ದಾಕಿ ಬರಗಾಲದಾಗೂ ಬದುಕ್ಯಾಳಂತ. ನಮ್ಮ ಮನಿ ಸೊಸಿಗೆ ಬಾಯಿ ಮನ್ಯಾಗಷ್ಟ ಐತಿ, ಹೊರಗ ಹೋದಕೂಡಲೆ ಮಾಯ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅರ್ಜಿ ಬರೆಯಲು ಕುಳಿತೆ.

ಮುಂದಿನ ತಿಂಗಳು ಸಂದರ್ಶನ. ಹುಬ್ಬಳ್ಳಿಯಿಂದ ಅಂಕಿತಾ ಮೇಡಂ ಅಂತ ಸಿಬ್ಬಂದಿ ಆಫೀಸರು ಬರುತ್ತಾರಂತೆ, ಬೆಂಗಳೂರಿನ ಸಾಹೇಬರೂ ಇರುತ್ತಾರಂತೆ. ನನ್ನ ಎದೆ ಈಗಲೇ ಓವರ್‌ಲಾಕ್ ಮಷಿನ್ನಿನ ಹಾಗೆ ಬಡಿದುಕೊಳ್ಳುತ್ತಿದೆ.

ನಿನ್ನ ನಂಬರಿನ ಬ್ಲಾಕ್ ತೆಗೆದಿದ್ದೇನೆ, ಖಾಲಾಳದ್ದೂ. ಆದರೂ ಕಾಗದವನ್ನೇ ಬರೆ. ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಡುವುದಿಲ್ಲ. ಇಲ್ಲಿ ನನ್ನ ಪಾಳಿ ನನಗೆ ಸಿಗುತ್ತದೆ.

ಸಿಟ್ಟು ಇಳಿದ,
ರಂಜನಾ

*

ಹಿರೇಕೆರೂರು
27 ಸೆಪ್ಟೆಂಬರ್ 2024

ನನ್ನ ರಂಜನಾ, ನನ್ನ ಬಂಗಾರ,

ಕಾಗದ ಓದಿ ಲೈನಿನಲ್ಲಿ ಎಲ್ಲರಿಗೂ ಚಹಾ ಕುಡಿಸಿದೆ. ಯಾಕೆ ಅಂತ ಅವರಿಗೆ ಗೊತ್ತಿಲ್ಲ. ಹೇಳಿದರೆ ಇನ್ನೊಂದು ಸಲ ಕುಡಿಸಬೇಕಾಗುತ್ತದೆ.

ಸಂದರ್ಶನದ ಬಗ್ಗೆ ಒಂದೇ ಒಂದು ಮಾತು. ಅವರು ಮೊದಲು ಕೇಳುವುದು, "ನಿಮ್ಮನ್ನೇ ಯಾಕೆ ಆರಿಸಬೇಕು?" ಅಂತ. ನನ್ನನ್ನೂ ಕೇಳಿದರು. ನನಗೆ ನಾಚಿಕೆ ಕಡಿಮೆ, ಏನೋ ಒದರಿದೆ. ನಿನ್ನದು ನನಗೆ ಗೊತ್ತು. ನೆಲ ನೋಡುತ್ತೀ. "ಎಲ್ಲ ದೊಡ್ಡವರ ಆಶೀರ್ವಾದರಿ" ಅನ್ನುತ್ತೀ. ಹಾಗಂದರೆ ಮುಗಿಯಿತು, ಅವರು ದೊಡ್ಡವರನ್ನೇ ಆರಿಸಿಕೊಳ್ಳುತ್ತಾರೆ.

ತನ್ನನ್ನು ತಾನು ಹೊಗಳಿಕೊಳ್ಳಬಾರದು ಅಂತ ನಿಮ್ಮ ಮನೆಯಲ್ಲಿ ಕಲಿಸಿದ್ದಾರೆ, ನಮ್ಮ ಮನೆಯಲ್ಲೂ ಕಲಿಸಿದ್ದಾರೆ. ಆದರೆ ಮದುವೆಯಲ್ಲಿ ಹೊಸ್ತಿಲ ಮುಂದೆ ಅಡ್ಡ ನಿಂತು "ಗಂಡನ ಹೆಸರು ಹೇಳು, ಒಡಪು ಹೇಳು" ಅಂದಾಗ ನೀವೆಲ್ಲ ಏನು ಮಾಡುತ್ತೀರಿ? ಹಗಲೆಲ್ಲ ಗಂಡನ ಹೆಸರು ಎತ್ತದವರು ಪ್ರಾಸ ಕಟ್ಟಿ ನಾಲ್ಕು ಸಾಲು ಹಾಡಿ ಅವನನ್ನು ಆಕಾಶಕ್ಕೆ ಏರಿಸುತ್ತೀರಿ. ಚಂದ್ರಪ್ಪನವರ ಮಗಳ ಮದುವೆಯಲ್ಲಿ ನೀನು ಹೇಳಿದ ಒಡಪಿಗೆ ಮಂಟಪವೇ ಚಪ್ಪಾಳೆ ತಟ್ಟಿತ್ತು. ನಾಚಿಕೆ ಆಗ ಎಲ್ಲಿ ಹೋಗಿತ್ತು?

ಅದಕ್ಕೇ ಹೇಳುತ್ತೇನೆ. ನಿನ್ನ ಹೆಸರಿಗೇ ಒಂದು ಒಡಪು ಕಟ್ಟು. ಮನಸ್ಸಿನಲ್ಲಿಯಾದರೂ ಹೇಳಿಕೋ. ಧೈರ್ಯ ಬರುತ್ತದೆ.

ಪಾರ್ಸಲಿನಲ್ಲಿ ಖಾರಾ ಕಳಿಸಿದ್ದೇನೆ. ಈ ಸಲ ಪೊಟ್ಟಣದ ಮೇಲೆ "ಮಹಾದೇವಕ್ಕ ಓದಬಾರದು" ಅಂತ ಬರೆದಿದ್ದೇನೆ.

ಗುಲ್ನಾರ

*

ದುಂಡಸಿ
20 ಅಕ್ಟೋಬರ್ 2024

ಗುಲ್ನಾರ,

ನಿನ್ನನ್ನು ಕೊಲ್ಲಬೇಕು. ಆಮೇಲೆ ಅಪ್ಪಿಕೊಳ್ಳಬೇಕು.

ಒಡಪು ಕಟ್ಟಿದೆ. ರೊಟ್ಟಿ ಬಡಿಯುವಾಗ ಹೇಳಿದೆ, ಬಸ್ಸಿನಲ್ಲಿ ಹೇಳಿದೆ, ಕಾಲರ್ ತಿರುವುವಾಗ ಹೇಳಿದೆ. ಬಾಯಿಪಾಠ. ಬುಧವಾರ ಹೊಸ ಸೀರೆ ಉಟ್ಟು ಒಳಗೆ ಹೋದೆ. ಮೇಜಿನ ಆಚೆ ಅಂಕಿತಾ ಮೇಡಂ, ಅವರ ಪಕ್ಕದಲ್ಲಿ ಬೆಂಗಳೂರಿನ ಸಾಹೇಬರು. ಕುರ್ಚಿಯ ತುದಿಯಲ್ಲಿ ಕುಳಿತೆ. ಮೊದಲನೆಯ ಪ್ರಶ್ನೆಯೇ ಅದು! "ನಿಮ್ಮನ್ನೇ ಯಾಕೆ ಆರಿಸಬೇಕು?"

ನೆಲ ನೋಡಿದೆ. "ಎಲ್ಲ ದೊಡ್ಡವರ" ಅನ್ನುವತನಕ ನಾಲಿಗೆಗೆ ಬಂದೇಬಿಟ್ಟಿತ್ತು. ಆಗ ನಿನ್ನ ನೆನಪಾಯಿತು. ಕಣ್ಣು ಮುಚ್ಚಿ, ಸೆರಗು ಸರಿಮಾಡಿಕೊಂಡು, ಮದುವೆಮನೆಯಲ್ಲಿ ಹೇಳುವ ಹಾಗೆ ಜೋರಾಗಿ ಹೇಳಿದೆ:

"ಸವಣೂರ ಎಲಿಗೆ ಸುಣ್ಣದ ಜೋಡಿ,
ಹಾನಗಲ್ಲ ಮಾವಿಗೆ ಬೆಲ್ಲದ ಜೋಡಿ,
ಕಾಲರಿಗೆ ಕಫ್ಫಿಗೆ ನೂಲಿನ ಜೋಡಿ,
ಲೈನ್ ನಡಸ್ತಾರ ಮೃತ್ಯುಂಜಯ, ಒಮ್ಮೆ ಕೊಟ್ಟು ನೋಡ್ರಿ!"

ಮೃತ್ಯುಂಜಯ! ಗಂಡನ ಹೆಸರು! ಇಪ್ಪತ್ತು ವರ್ಷ ಒಡಪಿನ ಕೊನೆಗೆ ಅದೇ ಹೆಸರು ಹೇಳಿ ಹೇಳಿ ನಾಲಿಗೆಗೆ ಅದೇ ದಾರಿ ಗೊತ್ತು. ರಂಜನಾ ಅಂತ ತಿರುಗಿಸಬೇಕಿದ್ದದ್ದು, ಸೀದಾ ಮನೆಗೆ ಹೋಯಿತು.

ಕಣ್ಣು ತೆರೆದರೆ ಬೆಂಗಳೂರಿನ ಸಾಹೇಬರು ಮುಂದಿದ್ದ ಕಾಗದಗಳನ್ನು ಒಂದೊಂದೇ ತಿರುವುತ್ತಿದ್ದಾರೆ. "ಮೃತ್ಯುಂಜಯ ಅವರ ಅರ್ಜಿ ಎಲ್ಲಿದೆ? ನನಗೆ ಸಿಗುತ್ತಿಲ್ಲ" ಅಂದರು. ಅಂಕಿತಾ ಮೇಡಂ ನಮ್ಮ ಕಡೆಯವರು, ಅವರಿಗೆ ತಿಳಿಯಿತು. ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಕಣ್ಣಲ್ಲಿ ನೀರು ಬರುವತನಕ ನಕ್ಕರು. "ಸರ್, ಅವರು ಇವರ ಯಜಮಾನರು" ಅಂದರು. ಸಾಹೇಬರು ಇನ್ನೂ ಗಂಭೀರವಾಗಿ, "ಅವರೂ ನಮ್ಮ ಕಂಪನಿಯಲ್ಲೇ ಇದ್ದಾರಾ?" ಅಂತ ಕೇಳಿದರು. "ಇಲ್ರಿ, ಹಾಲಿನ ವ್ಯಾನ್ ಹೊಡೀತಾರ್ರಿ" ಅಂದೆ.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಭೂಮಿ ಬಾಯಿಬಿಡಲಿಲ್ಲ, ನಾನೇ ಬಿಟ್ಟೆ. ಎದ್ದು ನಿಂತೆ. "ತಪ್ಪಾತ್ರಿ. ಕೊನೀ ಸಾಲು ಇನ್ನೊಮ್ಮೆ ಹೇಳ್ತೇನ್ರಿ. ಲೈನ್ ನಡಸ್ತಾಳ ರಂಜನಾ, ಒಮ್ಮೆ ಕೊಟ್ಟು ನೋಡ್ರಿ!"

ಹೇಳಿದೆ ಕಣೇ! ನನ್ನ ಹೆಸರನ್ನು ನಾನೇ ಅಷ್ಟು ಜೋರಾಗಿ ಹೇಳಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಆಮೇಲೆ ಅವರು ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಕೊಟ್ಟೆ. ಒಂದು ದಿನ ಮೂವರು ಟೇಲರುಗಳು ಬರದಿದ್ದರೆ, ಒಂದು ಮಷಿನ್ನೂ ಕೆಟ್ಟರೆ ಏನು ಮಾಡುತ್ತೀರಿ ಅಂದರು. "ನಾನ ಕುಂತು ಹೊಲೀತೇನ್ರಿ, ಟಾರ್ಗೆಟ್ ತಪ್ಪಾಕ ಬಿಡಂಗಿಲ್ಲ" ಅಂದೆ. ಇಬ್ಬರೂ ಬರೆದುಕೊಂಡರು.

ಮನೆಗೆ ಬಂದು ಹೇಳಿದರೆ ಅತ್ತೆ ಇನ್ನೂ ನಗುತ್ತಿದ್ದಾರೆ. ಯಜಮಾನರು ಮಾತ್ರ ಮೀಸೆ ತಿರುವಿ, "ನನಗ ನೌಕರಿ ಕೊಟ್ಟರ ವ್ಯಾನ್ ಯಾರು ಹೊಡೀಬೇಕು?" ಅಂದರು. ನಮ್ಮ ಮನೆಯಲ್ಲಿ ಅವರು ಇಷ್ಟು ಉದ್ದ ಮಾತಾಡಿದ್ದು ಈ ವರ್ಷದಲ್ಲಿ ಇದೇ.

ಆಗುತ್ತದೆ ಗುಲ್ನಾರ. ನನಗೆ ಆಗುತ್ತದೆ ಅನ್ನಿಸುತ್ತಿದೆ!

ರಂಜನಾ

*

ಹಿರೇಕೆರೂರು
25 ನವೆಂಬರ್ 2024

ರಂಜನಾ,

ಹಾನಗಲ್ಲಿಗೆ ಆಯ್ಕೆಯಾದವರ ಯಾದಿ ಇಲ್ಲೂ ಹಚ್ಚಿದರು. ಮೇಲಿನಿಂದ ಕೆಳಗೆ ಓದಿದೆ, ಕೆಳಗಿನಿಂದ ಮೇಲೆ ಓದಿದೆ. ನಿನ್ನ ಹೆಸರಿಲ್ಲ.

ನಾಲ್ಕು ದಿನದಿಂದ ಫೋನ್ ಹಚ್ಚುತ್ತಿದ್ದೇನೆ. ಬ್ಲಾಕ್ ಇಲ್ಲ, ಗಂಟೆ ಹೊಡೆಯುತ್ತದೆ, ನೀನು ಎತ್ತುವುದಿಲ್ಲ. ನಾನೇ ನಿನ್ನನ್ನು ಹುರಿದುಂಬಿಸಿ ಮುಂದೆ ನೂಕಿದೆ. ಬೈಯುವುದಿದ್ದರೆ ಬೈ. ಸುಮ್ಮನಿರಬೇಡ. ನಿನ್ನ ಬೈಗುಳ ತಡೆದುಕೊಳ್ಳುತ್ತೇನೆ, ಇದನ್ನು ತಡೆಯಲಾರೆ.

ಗುಲ್ನಾರ

*

ದುಂಡಸಿ
1 ಡಿಸೆಂಬರ್ 2024

ಗುಲ್ನಾರ,

ಫೋನ್ ಎತ್ತಲಿಲ್ಲ, ಯಾಕೆಂದರೆ ಹೇಳಲು ಅರ್ಧ ಮಾತಷ್ಟೇ ಇತ್ತು. ಈಗ ಪೂರ್ತಿ ಇದೆ.

ಯಾದಿ ಹಚ್ಚಿದ ದಿನ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಚೆನ್ನಾಗಿ ಕಣ್ಣೀರು ಹಾಕಿದೆ. ಮುಖ ತೊಳೆದು ಬಂದರೆ ಚಂದ್ರಪ್ಪನವರು ನಿಂತಿದ್ದರು. "ಇರಲಿ ಬಿಡವಾ, ಮುಂದಿನ ಸಲ ನಾನ ಹೇಳ್ತೇನಿ" ಅಂದರು. "ಬ್ಯಾಡ್ರಿ ಸಾಹೇಬ್ರ, ನಾನ ಕೇಳ್ತೇನಿ" ಅಂದೆ. ಸಿಟ್ಟಿನಲ್ಲಿ ಅಲ್ಲ, ನಗುತ್ತಲೇ ಅಂದೆ. ಅವರಿಗೂ ಸಮಾಧಾನವಾದ ಹಾಗೆ ಕಂಡಿತು.

ಗುರುವಾರ ಅಂಕಿತಾ ಮೇಡಂ ಶಿಗ್ಗಾಂವಿಗೆ ಬರುತ್ತಾರೆ ಅಂತ ಗೊತ್ತಾಯಿತು. ಯಾರೂ ಕರೆದಿರಲಿಲ್ಲ. ಕ್ಯಾಬಿನ್ನಿನ ಬಾಗಿಲು ತಟ್ಟಿದೆ.

"ಮೇಡಮ್ಮಾರ, ನನಗ ಯಾಕ ಕೊಡಲಿಲ್ಲ ಅಂತ ಜಗಳ ತಗ್ಯಾಕ ಬಂದಿಲ್ರಿ. ನನ್ನ ಕಡೆ ಏನು ಕಮ್ಮಿ ಆತು ಅಂತ ಕೇಳಾಕ ಬಂದೇನ್ರಿ."

ಅವರು ಪೆನ್ನು ಕೆಳಗಿಟ್ಟರು. "ಕುಂದರ್ರಿ" ಅಂದರು. "ಒಡಪು ಮರೆಯೋ ಹಂಗ ಇರಲಿಲ್ಲ ಬಿಡ್ರಿ. ಆದರ ಮೂರು ಜನ ಬರದಿದ್ದರ ಏನು ಮಾಡ್ತೀರಿ ಅಂತ ಕೇಳಿದ್ವಿ. ನೀವೇನಂದ್ರಿ?"

"ನಾನ ಕುಂತು ಹೊಲೀತೇನಿ ಅಂದೆನ್ರಿ."

"ನೀವು ಕುಂತು ಹೊಲಿದರ ಉಳಿದವರನ್ನ ಯಾರು ನೋಡ್ಬೇಕು?"

ಯಾವ ಉತ್ತರವನ್ನು ನಾನು ಎಲ್ಲಕ್ಕಿಂತ ಹೆಮ್ಮೆಯಿಂದ ಹೇಳಿದ್ದೆನೋ ಅದೇ ನನ್ನನ್ನು ಬೀಳಿಸಿತ್ತು. ಗುಲ್ನಾರ, ಅವರು ಹೇಳಿದ್ದು ನಿಜ. ಮನೆಯಲ್ಲೂ ನಾನು ಹೀಗೆಯೇ. ಒಬ್ಬರ ರೊಟ್ಟಿ ದಪ್ಪಾಯಿತು ಅಂದರೆ ಹಿಟ್ಟು ಕಸಿದುಕೊಂಡು ಎಲ್ಲರದನ್ನೂ ನಾನೇ ಮಾಡುತ್ತೇನೆ, ಆಮೇಲೆ ಯಾರೂ ಕೈಹಚ್ಚುವುದಿಲ್ಲ ಅಂತ ಗೊಣಗುತ್ತೇನೆ.

"ಅದನ್ನ ಎಲ್ಲಿ ಕಲೀಬೇಕ್ರಿ?" ಅಂತ ಕೇಳಿದೆ.

ಅವರು ದಾರಿ ಹೇಳಿದರು. ಬೇರೆ ಘಟಕದಲ್ಲಿ ಎರಡು ತಿಂಗಳು ಒಬ್ಬ ಸೂಪರ್‌ವೈಸರ್ ಜೊತೆ ನಿಂತು ಕಲಿಯಲು ಕಂಪನಿಯಲ್ಲಿ ಅವಕಾಶವಿದೆಯಂತೆ. ಪಗಾರ ನಿಲ್ಲುವುದಿಲ್ಲ. "ಇಲ್ಲೀತನಕ ಈ ಫ್ಯಾಕ್ಟರಿಯಿಂದ ಯಾರೂ ಬಂದು ಕೇಳಿಲ್ಲ" ಅಂದರು. "ನಾ ಕೇಳಾಕತ್ತೇನ್ರಿ" ಅಂದೆ.

ಯಾರ ಕೈಕೆಳಗೆ ಹೋಗುತ್ತೀರಿ ಅಂತ ಒಂದೊಂದೇ ಹೆಸರು ಓದತೊಡಗಿದರು. ನಾನು ನಡುವೆಯೇ ನಿನ್ನ ಹೆಸರು ಹೇಳಿದೆ. "ಗೆಳತಿ ಅಂತನ?" ಅಂತ ಕೇಳಿದರು. "ಅಲ್ರಿ. ಆಕಿ ಎಂದೂ ಒಬ್ಬಾಕಿನ ಕೆಲಸ ಮಾಡಂಗಿಲ್ರಿ, ನಕ್ಕೋತ ಎಲ್ಲಾರ ಕಡೆ ಮಾಡಸ್ತಾಳ. ಒಂಬತ್ತು ವರ್ಷ ಅದನ್ನ ಮೈಗಳ್ಳತನ ಅಂತ ತಿಳಿದಿದ್ದೆ" ಅಂದೆ. ಬೈದುಕೋ ಬೇಕಾದರೆ, ಖರೇ ಹೇಳಿದೆ.

ಮನೆಯಲ್ಲಿ ಹೇಳಿದಾಗ ಅತ್ತೆ, "ಹೋಗು. ರೊಟ್ಟಿ ನಾ ಬಡೀತೇನಿ, ನನ್ನ ಕೈ ಏನ ಬಿದ್ದುಹೋಗ್ಯಾವೇನು? ಸ್ವಲ್ಪ ದಪ್ಪ ಆಕ್ಕಾವು, ತಿಂತಾನ ನನ್ನ ಮಗ" ಅಂದರು. ಯಜಮಾನರು ತಲೆಯಾಡಿಸಿದರು. ಮಗಳು ಹೇಗೂ ಹುಬ್ಬಳ್ಳಿಯ ಹಾಸ್ಟೆಲಿನಲ್ಲಿದ್ದಾಳೆ, ಫೋನಿನಲ್ಲಿ ಕುಣಿದಾಡಿದಳು.

ಒಂಬತ್ತನೆಯ ತಾರೀಖು, ಸೋಮವಾರ, ನಿನ್ನ ಲೈನಿಗೆ ಬರುತ್ತೇನೆ. ಖಾಲಾಳ ಮನೆಯಲ್ಲಿ ನನಗೊಂದು ಹಾಸಿಗೆ ಇರಲಿ. ಲೈನಿನಲ್ಲಿ ನಿನ್ನನ್ನು "ಮೇಡಂ" ಅನ್ನುತ್ತೇನೆ, ನಗಬೇಡ. ಯಾರದ್ದಾದರೂ ಹೊಲಿಗೆ ಡೊಂಕಾದದ್ದು ಕಂಡು ನಾನು ಅವಳನ್ನು ಎಬ್ಬಿಸಿ ಕುಳಿತೆನೋ, ಎಲ್ಲರ ಎದುರಿಗೇ ರಟ್ಟೆ ಹಿಡಿದು ನನ್ನನ್ನು ಎಬ್ಬಿಸು. ಮುಲಾಜು ಮಾಡಬೇಡ. ಫೆಬ್ರವರಿಯಲ್ಲಿ ಹಾನಗಲ್ಲಿಗೆ ಇನ್ನೊಂದು ಸಲ ಆರಿಸುತ್ತಾರೆ. ಅಷ್ಟರೊಳಗೆ ನನಗೆ ನಿಲ್ಲುವುದನ್ನು ಕಲಿಸು.

ಆದರೆ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಬ್ಲಾಕ್ ಗೀಕ್ ಅನ್ನಬಾರದು. ನಿನಗೆ ಫ್ಲೋರ್ ಇನ್‌ಚಾರ್ಜ್ ಆಗುವ ಆಸೆ ಇದೆ ಅಂತ ನನಗೆ ಗೊತ್ತು. ಆ ಕುರ್ಚಿ ಖಾಲಿಯಾದ ದಿನ ನೀನೂ ಅರ್ಜಿ ಹಾಕು, ನಾನೂ ಹಾಕುತ್ತೇನೆ. ನಿನ್ನ ಕೈಯಲ್ಲೇ ಕಲಿತು ನಿನ್ನ ಎದುರಿಗೇ ನಿಲ್ಲುತ್ತೇನೆ. ಗೆಳತಿ ಅಂತ ಬಿಟ್ಟುಕೊಡುವುದಿಲ್ಲ.

ಬರುತ್ತಿದ್ದೇನೆ.
ರಂಜನಾ